ಮೊದಲ ಜಾಲತಾಣದ ರಚನೆ: ಒಂದು ಐತಿಹಾಸಿಕ ವಿವೇಚನೆ

ತಮ್ಮ ಮೊದಲ ಜಾಲತಾಣವನ್ನು ಕಟ್ಟುವುದು ಹೇಗೆಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಇತಿಹಾಸದ ಅಧ್ಯಾಪಕನಾದವನಿಗೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಕಾಣುತ್ತದೆ: ಲೋಕದಲ್ಲಿ ಮೊಟ್ಟಮೊದಲ ಜಾಲತಾಣವನ್ನು ಕಟ್ಟಿದುದು ಹೇಗೆ? ಇವೆರಡಕ್ಕೂ ಉತ್ತರವು ಬಹುಮಟ್ಟಿಗೆ ಒಂದೇ ಆಗಿರುವುದು ಸೋಜಿಗದ ಸಂಗತಿ.

ಮೊದಲ ಜಾಲತಾಣವು 1991ರ ಆಗಸ್ಟ್ 6ರಂದು ಹುಟ್ಟಿತೆಂದು ಜನಪ್ರಿಯ ಬರಹಗಳಲ್ಲಿ ಹೇಳಿರುವುದುಂಟು. ಇದು ಸರಿಯಲ್ಲ. ಆ ದಿನ ನಡೆದುದು ಹೊರಜಗತ್ತಿಗೆ ಅದರ ಪ್ರಕಟಣೆ ಮಾತ್ರ. ಜಿನೀವಾದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಇದರ ಯೋಜನೆಯನ್ನು 1989ರ ಮಾರ್ಚಿಯಲ್ಲಿಯೇ ಮಂಡಿಸಿದ್ದರು. ಅಲ್ಲಿಗೆ ವಿಜ್ಞಾನಿಗಳು ಕೆಲಕಾಲಕ್ಕೆ ಬಂದು ಹೋಗುತ್ತಿದ್ದುದರಿಂದ ಅವರ ಕೆಲಸದ ವಿವರಗಳು ಕಳೆದುಹೋಗುತ್ತಿದ್ದವು. ಈ ನಷ್ಟವನ್ನು ತಪ್ಪಿಸುವುದೇ ಮೂಲ ಉದ್ದೇಶ. 1990ರ ಕೊನೆಯ ವೇಳೆಗೆ ಸರ್ವರ್, ಬ್ರೌಸರ್ ಮತ್ತು ಮೊದಲ ಪುಟಗಳು ನೆಕ್ಸ್ಟ್ ಎಂಬ ಒಂದೇ ಗಣಕಯಂತ್ರದಲ್ಲಿ ಸಿದ್ಧವಾಗಿದ್ದವು. ಯಂತ್ರವನ್ನು ಯಾರೂ ನಿಲ್ಲಿಸಕೂಡದೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದು ಚೀಟಿ ಅಂಟಿಸಲಾಗಿತ್ತು!

ಆ ತಾಣದಲ್ಲಿ ಚಿತ್ರವಿರಲಿಲ್ಲ, ಅಲಂಕಾರವಿರಲಿಲ್ಲ. ಈ ಯೋಜನೆಯೆಂದರೇನು, ಇದನ್ನು ಓದುವ ಬಗೆ ಹೇಗೆ, ನೀವೂ ಇಂಥದೊಂದನ್ನು ಸ್ಥಾಪಿಸುವುದು ಹೇಗೆ ಎಂಬ ವಿವರಣೆ, ಅವುಗಳ ನಡುವೆ ಕೊಂಡಿಗಳು, ಇಷ್ಟೆ. ಎಂದರೆ ಮೊದಲ ಜಾಲತಾಣವು ಜಾಲತಾಣ ಕಟ್ಟುವವರಿಗೆ ಮೊದಲ ಪಾಠಪುಸ್ತಕವೂ ಆಗಿತ್ತು.

ಇದರ ಭಾಷೆಯಾದ ಎಚ್‌ಟಿಎಂಎಲ್‌ನ ರಚನೆ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. 1991ರ ಪಟ್ಟಿಯಲ್ಲಿದ್ದ ಟ್ಯಾಗುಗಳು ಹದಿನೆಂಟರಷ್ಟು ಮಾತ್ರ. ಶೀರ್ಷಿಕೆ, ವಾಕ್ಯವೃಂದ, ಪಟ್ಟಿ ಮೊದಲಾದವುಗಳ ಗುರುತುಗಳನ್ನು ಅವರು ಹೊಸದಾಗಿ ಕಲ್ಪಿಸಲಿಲ್ಲ. ದಸ್ತಾವೇಜುಗಳನ್ನು ಸಿದ್ಧಪಡಿಸಲು ಸರ್ನ್‌ನಲ್ಲಿ ಮೊದಲೇ ಬಳಕೆಯಲ್ಲಿದ್ದ ಗುರುತುಗಳನ್ನೇ ತೆಗೆದುಕೊಂಡರು. ನಿಜವಾಗಿ ಹೊಸತೆನ್ನಬಹುದಾದುದು ಒಂದು ಪುಟವನ್ನು ಇನ್ನೊಂದಕ್ಕೆ ಜೋಡಿಸುವ ‘ಎ’ ಎಂಬ ಗುರುತು. ಬಲ್ಲ ವಸ್ತುವಿಗೆ ಒಂದೇ ಒಂದು ಹೊಸ ವಸ್ತುವನ್ನು ಸೇರಿಸಿದ್ದರಿಂದಲೇ ಕಲಿಯುವವರಿಗೆ ಅದು ಭಾರವೆನಿಸಲಿಲ್ಲವೆಂದು ನನ್ನ ಅಭಿಪ್ರಾಯ. ಇಂದಿನ ವಿದ್ಯಾರ್ಥಿಯೂ ಇದೇ ಶೀರ್ಷಿಕೆ, ವಾಕ್ಯವೃಂದ, ಪಟ್ಟಿ, ಕೊಂಡಿಗಳಿಂದಲೇ ಪ್ರಾರಂಭಿಸುತ್ತಾನೆ. ಚಿತ್ರದ ಗುರುತನ್ನು ಸೂಚಿಸಿದುದು 1993ರಲ್ಲಿ. ಅಲಂಕಾರಕ್ಕೆಂದೇ ಬೇರೆಯಾದ ಸಿಎಸ್‌ಎಸ್ ಭಾಷೆಯ ಮೊದಲ ಪ್ರಸ್ತಾಪ 1994ರದು. ಕಲಿಕೆಗೆ ಈ ಕಾಲಾನುಕ್ರಮವೇ ಒಳ್ಳೆಯ ಪಾಠಕ್ರಮ: ಮೊದಲು ಬರಹ, ಬಳಿಕ ಕೊಂಡಿ, ಅನಂತರ ಉಡುಗೆತೊಡುಗೆ.

ನೆಕ್ಸ್ಟ್ ಯಂತ್ರದ ಬ್ರೌಸರಿನಲ್ಲಿ ಪುಟವನ್ನು ಓದುವುದರ ಜೊತೆಗೆ ತಿದ್ದುವುದೂ ಸಾಧ್ಯವಿತ್ತು. ಆದರೆ ಅಂಥ ಯಂತ್ರಗಳು ವಿರಳ. ಎಲ್ಲ ಯಂತ್ರಗಳಲ್ಲಿಯೂ ನಡೆಯುವಂತಹ ಸರಳ ಬ್ರೌಸರನ್ನು ನಿಕೋಲಾ ಪೆಲೊ ಎಂಬ ವಿದ್ಯಾರ್ಥಿನಿ ರಚಿಸಿದರು. ಅದರಲ್ಲಿ ಓದಬಹುದಾಗಿತ್ತೇ ಹೊರತು ಬರೆಯುವಂತಿರಲಿಲ್ಲ. ಓದುಗನೂ ಲೇಖಕನೂ ಬೇರೆಯಾದುದು ಇಲ್ಲಿಂದ. ಆದರೂ ಪುಟದ ಮೂಲಬರಹವು ಯಾರಿಗೂ ಮುಚ್ಚಿರಲಿಲ್ಲವಾದ್ದರಿಂದ, ಇನ್ನೊಬ್ಬರ ಪುಟವನ್ನು ಬಿಚ್ಚಿ ನೋಡಿ ಅನುಕರಿಸುವುದೇ ಕಲಿಕೆಯ ಮಾರ್ಗವಾಯಿತು. 1993ರ ಏಪ್ರಿಲ್ 30ರಂದು ಸರ್ನ್ ತನ್ನ ತಂತ್ರಾಂಶವನ್ನು ಶುಲ್ಕವಿಲ್ಲದೆ ಸಾರ್ವಜನಿಕರ ವಶಕ್ಕೆ ಬಿಟ್ಟಿತು. ಅದೇ ವರ್ಷ ಮಿನೆಸೊಟಾ ವಿಶ್ವವಿದ್ಯಾಲಯವು ಗೋಫರ್ ಎಂಬ ಪ್ರತಿಸ್ಪರ್ಧಿ ವ್ಯವಸ್ಥೆಗೆ ಶುಲ್ಕ ವಿಧಿಸುವ ಸೂಚನೆ ಕೊಟ್ಟಿತ್ತು. ಗೋಫರ್ ಹಿಂದೆ ಬಿದ್ದುದಕ್ಕೆ ಇದೂ ಒಂದು ಕಾರಣ.

ಹೀಗೆ ಸುಲಭವಾಗಿ ಬರೆಯಬಹುದಾದುದನ್ನು ಅಷ್ಟೇ ಸುಲಭವಾಗಿ ಅಳಿಸಲೂಬಹುದು. ಶಿಲಾಶಾಸನದ ಅಕ್ಷರಗಳನ್ನು ಕೆತ್ತಿಹಾಕಿದರೂ ಉಳಿಯ ಗುರುತು ನಿಲ್ಲುತ್ತದೆ. ಜಾಲಪುಟವನ್ನು ತಿದ್ದಿದರೆ ಹಳೆಯ ಪಾಠದ ಸುಳಿವೇ ಇರದು. ಮೊದಲ ಪುಟವನ್ನೂ ಅದೇ ಜಾಗದಲ್ಲಿ ಮತ್ತೆ ಮತ್ತೆ ತಿದ್ದಲಾಯಿತು. ಕಳೆದುಹೋಗುವುದನ್ನು ಉಳಿಸಲೆಂದು ಹುಟ್ಟಿದ ವ್ಯವಸ್ಥೆಯು ತನ್ನ ಆದಿರೂಪವನ್ನೇ ಉಳಿಸಿಕೊಳ್ಳಲಿಲ್ಲ. ಜಾಲತಾಣ ಕಟ್ಟುವ ನಮ್ಮ ವಿದ್ಯಾರ್ಥಿಗಳು ಪ್ರತಿಯೊಂದು ತಿದ್ದುಪಡಿಗೆ ಮುನ್ನ ದಿನಾಂಕ ಸಹಿತವಾದ ಪ್ರತಿಯೊಂದನ್ನು ತೆಗೆದಿರಿಸಬೇಕೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. 2013ರಲ್ಲಿ ಸರ್ನ್ ಆ ತಾಣವನ್ನು ಮೂಲ ವಿಳಾಸದಲ್ಲಿ ಪುನಃಸ್ಥಾಪಿಸಲು ಹೊರಟಾಗ ಅದರ ಕೈಯಲ್ಲಿದ್ದುದು 1992ರ ಪ್ರತಿ. ಅದಕ್ಕಿಂತ ಹಳೆಯದಾದ 1991ರ ಪ್ರತಿಯೊಂದು ಬೆಳಕಿಗೆ ಬಂದುದು ಆಮೇಲೆ, ಅಮೆರಿಕದ ಉತ್ತರ ಕೆರೊಲಿನಾದಲ್ಲಿ, ಅಧ್ಯಾಪಕರೊಬ್ಬರ ಹಳೆಯ ನೆಕ್ಸ್ಟ್ ಯಂತ್ರದೊಳಗಿಂದ.