ಗುಂಡು ಸೊಟ್ಟಗೆ ಕೂತರೆ ಏನಾಗುತ್ತೆ? ಪೀಣ್ಯದ ಡಯಲ್ ಗೇಜ್ ಹೇಳುವ ಲೆಕ್ಕ

ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ‘ರನ್‌ಔಟ್’ ಅಂದ್ರೆ ಕ್ರಿಕೆಟ್ ನೆನಪಾಗಲ್ಲ. ಲೇತ್‌ನ ಚಕ್‌ಗೆ ಶಾಫ್ಟ್ ಕಟ್ಟಿ, ಡಯಲ್ ಗೇಜಿನ ತುದಿ ಮುಟ್ಟಿಸಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿದಾಗ ಮುಳ್ಳು ಎಷ್ಟು ಆಡುತ್ತೋ ಅದೇ ರನ್‌ಔಟ್. ಎಂಜಿನಿಯರಿಂಗ್ ಮುಗಿಸಿ ಅಲ್ಲಿನ ಒಂದು ಚಿಕ್ಕ ಶಾಪ್‌ಗೆ ಸೇರಿದ ಮೊದಲ ವಾರ, ಮುಳ್ಳು ನಾಲ್ಕು ಗೆರೆ ಆಡಿದ ಪೀಸನ್ನು ಓಕೆ ಮಾಡಿ ಬೈಸಿಕೊಂಡಿದ್ದೆ. ‘ಕಣ್ಣಿಗೆ ನೆಟ್ಟಗಿದ್ರೆ ಸಾಲ್ದು ಸಾರ್’ ಅಂದಿದ್ರು ಫೋರ್‌ಮನ್.

ರೈಫಲ್ ತೋಟಾಕ್ಕೂ ಇದೇ ಮಾತು. ತೋಟಾದಲ್ಲಿ ನಾಲ್ಕು ಭಾಗ: ಹಿತ್ತಾಳೆ ಕೇಸ್, ಪ್ರೈಮರ್, ಮದ್ದು, ಮುಂದಿನ ಗುಂಡು. ಹಾರಿಸಿದ ಕೇಸನ್ನು ಮತ್ತೆ ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡು ಹಾಕುವುದೇ ಹ್ಯಾಂಡ್‌ಲೋಡಿಂಗ್. ಅಮೆರಿಕದ ಟಾರ್ಗೆಟ್ ಶೂಟರ್‌ಗಳಿಗೆ ಇದು ದುಡ್ಡು ಉಳಿಸುವ ದಾರಿ ಮಾತ್ರ ಅಲ್ಲ, ನಿಖರತೆಯ ಹುಚ್ಚು. ಅವರು ತೋಟಾವನ್ನು ಎರಡು ಆಧಾರಗಳ ಮೇಲೆ ಉರುಳಿಸಿ, ಗುಂಡಿನ ಮೇಲೆ ಡಯಲ್ ಇಟ್ಟು ನೋಡ್ತಾರೆ. ಗುಂಡಿನ ಅಕ್ಷವೂ ಕೇಸಿನ ಅಕ್ಷವೂ ಒಂದೇ ಗೆರೆಯಲ್ಲಿದ್ದರೆ ಮುಳ್ಳು ಅಲುಗಲ್ಲ.

ಗುಂಡು ಸೊಟ್ಟಗೆ ಕೂತಿದೆ ಅಂದಾಗ ಎಲ್ಲರೂ ಗುಂಡು ಕೂರಿಸುವ ಡೈ ಕಡೆ ಬೆರಳು ತೋರಿಸ್ತಾರೆ. ಆದರೆ ಬಹಳ ಸಲ ತಪ್ಪು ಅದಕ್ಕೂ ಮೊದಲೇ ಆಗಿರುತ್ತೆ. ಕೇಸಿನ ಕತ್ತಿನ ಗೋಡೆ ಒಂದು ಪಕ್ಕ ದಪ್ಪ, ಇನ್ನೊಂದು ಪಕ್ಕ ತೆಳು ಇರಬಹುದು. ಅಳತೆಗೆ ತರುವಾಗ ಕತ್ತು ಎಳೆದು ವಾಲಿರಬಹುದು. ವಾಲಿದ ಕತ್ತಿಗೆ ಎಂಥ ಒಳ್ಳೆ ಡೈ ಹಾಕಿದರೂ ಗುಂಡು ವಾಲಿಯೇ ಕೂರುತ್ತೆ. ಬೋರ್ ಸೊಟ್ಟಗಿದ್ದರೆ ಅದರ ಹಿಂದೆ ಹೋಗುವ ರೀಮರ್ ಕೂಡ ಅದೇ ದಾರಿ ಹಿಡಿಯುತ್ತಲ್ಲ, ಹಾಗೆ.

ಇಷ್ಟಕ್ಕೆಲ್ಲ ಗುರಿ ತಪ್ಪುತ್ತಾ? ಲೆಕ್ಕ ಹಾಕೋಣ. ಬ್ಯಾರಲ್ ಒಳಗಿನ ಸುರುಳಿ ಗುಂಡನ್ನು 12 ಇಂಚಿಗೆ, ಅಂದರೆ 305 ಮಿ.ಮೀ.ಗೆ ಒಂದು ಸುತ್ತು ತಿರುಗಿಸುತ್ತೆ ಅಂದುಕೊಳ್ಳಿ. ವೇಗ ಸೆಕೆಂಡಿಗೆ 840 ಮೀಟರ್ ಇದ್ದರೆ ಗುಂಡು ನಿಮಿಷಕ್ಕೆ ಸುಮಾರು 1.65 ಲಕ್ಷ ಸುತ್ತು ತಿರುಗ್ತಿರುತ್ತೆ. ಅದರ ತೂಕದ ಕೇಂದ್ರ ತಿರುಗುವ ಅಕ್ಷದಿಂದ ಬರೀ 0.02 ಮಿ.ಮೀ. ಸರಿದಿದ್ದರೂ, ಬ್ಯಾರಲ್ ಬಿಡುವ ಕ್ಷಣದಲ್ಲಿ ಪಕ್ಕಕ್ಕೆ ಒಂದು ತಳ್ಳು ಸಿಗುತ್ತೆ. 100 ಮೀಟರ್‌ನಲ್ಲಿ ಅದು ಸುಮಾರು 4 ಸೆಂ.ಮೀ., 300 ಮೀಟರ್‌ನಲ್ಲಿ 12 ಸೆಂ.ಮೀ.

ಆದರೆ ಡಯಲ್ ತೋರಿಸಿದ್ದೆಲ್ಲ ಹೀಗೆ ಗುರಿಪಲಕಕ್ಕೆ ಹೋಗಲ್ಲ. ಅಕ್ಷದ ಸರಿತ ಡಯಲ್ ಓದಿನ ಅರ್ಧ ಮಾತ್ರ. ಅದರಲ್ಲೂ ಒಂದು ಪಾಲನ್ನು ಬ್ಯಾರಲ್ಲೇ ನೆಟ್ಟಗೆ ಮಾಡುತ್ತೆ. ಹಾಗಾಗಿ ಸಾಧಾರಣ ರೈಫಲ್‌ನಲ್ಲಿ ಇದು ಉಳಿದ ದೋಷಗಳ ನಡುವೆ ಮುಚ್ಚಿಹೋಗುತ್ತೆ. ಇನ್ನೊಂದು ತಮಾಷೆ ಇದೆ: ಎಲ್ಲ ತೋಟಾಗಳೂ ಒಂದೇ ಪ್ರಮಾಣದಲ್ಲಿ ವಾಲಿದ್ದು, ವಾಲಿದ ಪಕ್ಕವನ್ನು ಪ್ರತಿ ಸಲವೂ ಒಂದೇ ದಿಕ್ಕಿಗೆ ಇಟ್ಟು ಹಾರಿಸಿದರೆ, ತಪ್ಪೂ ಒಂದೇ ದಿಕ್ಕಿಗೆ ಹೋಗುತ್ತೆ, ಗುಂಪು ಚಿಕ್ಕದಾಗುತ್ತೆ. ಫ್ರಾಂಕ್ಲಿನ್ ಮ್ಯಾನ್ ಎಂಬ ಅಮೆರಿಕದ ವೈದ್ಯರು ಗುಂಡುಗಳನ್ನು ಬೇಕಂತಲೇ ಕೆಡಿಸಿ ಹಾರಿಸಿ ನೋಡಿ, 1909ರಲ್ಲಿ ಪುಸ್ತಕ ಬರೆದರು. ಮೂತಿ ಕೆಟ್ಟರೆ ಆಗುವುದಕ್ಕಿಂತ ಬುಡ ಕೆಟ್ಟರೆ ಆಗುವ ಹಾನಿ ಹೆಚ್ಚು ಅಂತ ಅವರು ಕಂಡುಕೊಂಡರು.

ಯೂಟ್ಯೂಬ್ ನೋಡಿ ಕೈ ತುರಿಸುವವರಿಗೆ ಒಂದು ಮಾತು. ಶಸ್ತ್ರಾಸ್ತ್ರ ಕಾಯ್ದೆ 1959ರ ಸೆಕ್ಷನ್ 5ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿ ನಂತರ ಇದಕ್ಕೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಇರುವ, 2029ರವರೆಗೆ ವಿಸ್ತರಣೆಯಾಗಿರುವ ಲೈಸೆನ್ಸ್ ವಿನಾಯಿತಿಯನ್ನು ತಯಾರಿಕೆಗೂ ಅನುಮತಿ ಅಂತ ಯಾರೂ ಓದಿಕೊಳ್ಳಬೇಡಿ.

ಹಾಗಿದ್ರೆ ಇದು ನಮಗ್ಯಾಕೆ? ಈಗ ಬೆಂಗಳೂರಲ್ಲೇ ರೈಫಲ್ ತಯಾರಾಗುತ್ತಿದೆ. ಎಸ್‌ಎಸ್‌ಎಸ್ ಡಿಫೆನ್ಸ್‌ನ .338 ‘ಸೇಬರ್’ ಸ್ನೈಪರ್ ರೈಫಲ್ ಇಲ್ಲಿಯದೇ. ರಕ್ಷಣಾ ಪ್ರದರ್ಶನಗಳಲ್ಲಿ ಮಂತ್ರಿಗಳು ರೈಫಲ್ ಹಿಡಿದು ಫೋಟೊ ತೆಗೆಸಿಕೊಳ್ತಾರೆ. ತೋಟಾದ ಲಾಟ್ ರಿಪೋರ್ಟ್ ಕೇಳಿದ್ದನ್ನು ನಾನಂತೂ ನೋಡಿಲ್ಲ. ನಿಖರತೆ ಇರುವುದು ಅಲ್ಲಿ. 1953ರ ಎಚ್‌ಎಂಟಿ, 1962ರ ಸಿಎಂಟಿಐ ಈ ಊರಿಗೆ ಮೈಕ್ರಾನ್‌ನಲ್ಲಿ ಯೋಚಿಸೋದು ಕಲಿಸಿದವು. ಆ ಕೌಶಲ್ಯವನ್ನು ಗುತ್ತಿಗೆ ಕಾರ್ಮಿಕರ ಕೈಗೆ ಕೊಟ್ಟು, ಅನುಭವ ಬರುವ ಹೊತ್ತಿಗೆ ಅವರನ್ನು ಕಳಿಸಿ, ಆಮೇಲೆ ಸ್ವಾವಲಂಬನೆಯ ಭಾಷಣ ಮಾಡೋದು ನನಗೆ ಅರ್ಥವಾಗಲ್ಲ.

2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸೋದು .22 ರಿಮ್‌ಫೈರ್ ತೋಟಾ. ಪ್ರೈಮಿಂಗ್ ಕೇಸಿನ ಅಂಚಿನೊಳಗೇ ಇರುವುದರಿಂದ ಅದನ್ನು ಮನೆಯಲ್ಲಿ ಮರುತುಂಬಿಸುವ ಮಾತೇ ಇಲ್ಲ. ಆ ಮಟ್ಟದ ಶೂಟರ್‌ಗಳು ಒಂದೇ ಬ್ರಾಂಡಿನ ಬೇರೆ ಬೇರೆ ಲಾಟ್‌ಗಳನ್ನು ತಮ್ಮ ರೈಫಲ್‌ನಲ್ಲಿ ಹಾರಿಸಿ, ಯಾವುದರ ಗುಂಪು ಚಿಕ್ಕದೋ ಅದನ್ನೇ ಪೆಟ್ಟಿಗೆಗಟ್ಟಲೆ ಕೊಂಡಿಟ್ಟುಕೊಳ್ತಾರೆ.