ಸುಮ್ನ ಕುಂತಾಳ ಅಂದ್ರ ಒಪ್ಪಿಗಿನಾ?

ಕಮಲಾಪುರದ ಕಡೆ ಹೆಣ್ಣು ನೋಡಲಿಕ್ಕೆ ಹೋದಾಗ ಹುಡುಗಿ ತಲೆ ತಗ್ಗಿಸಿ ಕುಂತರೆ ಹಿರಿಯರು ಹೇಳುವ ಮಾತೊಂದಿದೆ: "ಸುಮ್ನ ಕುಂತಾಳ ಅಂದ್ರ ಒಪ್ಪಿಗಿ ಅದ ಬಿಡ್ರಿ." ಇದು ಬರೀ ನಮ್ಮ ಹಳ್ಳಿ ಮಂದಿಯ ಲೆಕ್ಕ ಅಂದುಕೊಂಡಿದ್ದೆ. ಸುಪ್ರೀಂ ಕೋರ್ಟಿನ ಲೆಕ್ಕವೂ ಒಂದು ಕಾಲಕ್ಕೆ ಹೆಚ್ಚೂಕಮ್ಮಿ ಇದೇ ಇತ್ತು.

1860ರ ಭಾರತೀಯ ದಂಡ ಸಂಹಿತೆ ಬ್ರಿಟಿಷ್ ಸೀಮೆಯದು. ಕಲಬುರಗಿ ನಿಜಾಮನ ಹೈದರಾಬಾದಿನಲ್ಲಿತ್ತು. ಹಾಗಾಗಿ ಅದು ನಮಗೆ ಲಾಗೂ ಆದದ್ದು 1951ರ ಏಪ್ರಿಲ್ 1ರಿಂದ. ಅದರ 90ನೇ ಕಲಂ ಮೊದಲಿಂದಲೂ ಒಂದು ಒಳ್ಳೆ ಮಾತು ಹೇಳುತ್ತಿತ್ತು: ಎದುರಿನವನಿಗೆ ಗೊತ್ತಿದ್ದೂ ಹೆದರಿಕೆಯಿಂದ ಪಡೆದದ್ದು, ಬುದ್ಧಿ ಸ್ವಾಧೀನವಿಲ್ಲದೆ ಅಥವಾ ನಶೆಯಲ್ಲಿ ಏನು ಒಪ್ಪುತ್ತಿದ್ದೇನೆಂದು ತಿಳಿಯದವರು ಕೊಟ್ಟದ್ದು, 12 ತುಂಬದ ಮಗು ಕೊಟ್ಟದ್ದು, ಇವು ಒಪ್ಪಿಗೆಯಲ್ಲ. ಆದರೆ ಒಪ್ಪಿಗೆ ಯಾವುದಲ್ಲ ಅಂತ ಹೇಳಿತೇ ಹೊರತು, ಯಾವುದು ಅಂತ ಹೇಳಲಿಲ್ಲ.

ಆ ಖಾಲಿ ಜಾಗದ ಬೆಲೆ ತೆತ್ತವಳು ಒಬ್ಬ ಆದಿವಾಸಿ ಹುಡುಗಿ. 1972ರಲ್ಲಿ, ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆ. ರಾತ್ರಿ ಹೊತ್ತು, ಅವಳ ಮನೆಯವರು ಹೊರಗೆ, ಅವಳು ಒಳಗೆ. ಆರೋಪ ಇಬ್ಬರು ಪೊಲೀಸರ ಮೇಲೆಯೇ. ಮೈಮೇಲೆ ಗಾಯವಿಲ್ಲ, ಪ್ರತಿಭಟಿಸಿದ ಗುರುತಿಲ್ಲ ಎಂದು 1978ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರನ್ನೂ ಬಿಟ್ಟಿತು. ಠಾಣೆಯೊಳಗೆ ಪೊಲೀಸಪ್ಪನ ಜೊತೆ ಯಾರು ಗುದ್ದಾಡ್ತಾರ್ರಿ? ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿ ನಾಲ್ವರು ಕಾನೂನು ಮೇಷ್ಟ್ರುಗಳು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಮಣಿಯುವುದು ಬೇರೆ, ಒಪ್ಪುವುದು ಬೇರೆ ಅನ್ನುವುದು ಅವರ ವಾದ.

ಬೀದಿಯಲ್ಲಿ ಹೋರಾಟ ನಡೆದು 1983ರಲ್ಲಿ ಕಾನೂನು ಬದಲಾಯಿತು. ಬುದ್ಧಿ ಸ್ವಾಧೀನವಿಲ್ಲದ, ನಶೆಯಲ್ಲಿರುವ ಹೆಣ್ಣಿನ 'ಹೂಂ'ಗೆ ಬೆಲೆಯಿಲ್ಲ ಅನ್ನುವುದು ಅತ್ಯಾಚಾರದ 375ನೇ ಕಲಮಿನೊಳಗೇ ಬಂತು. ಕಸ್ಟಡಿಯಲ್ಲಿ ಸಂಭೋಗ ನಡೆದದ್ದು ಸಾಬೀತಾಗಿ, ಅವಳು ಒಪ್ಪಿರಲಿಲ್ಲ ಎಂದರೆ, ಕೋರ್ಟ್ ಅದನ್ನೇ ಹಿಡಿದು ಹೊರಡಬೇಕು.

ಒಪ್ಪಿಗೆ ಅಂದರೇನು ಅಂತ ಬರೆಯಲು ಮಾತ್ರ 2013 ಬರಬೇಕಾಯಿತು. ಮಾತು, ಸನ್ನೆ, ಯಾವುದರಿಂದಲೇ ಆಗಲಿ, ಸ್ವಇಚ್ಛೆಯಿಂದ ಸ್ಪಷ್ಟವಾಗಿ ತಿಳಿಸಬೇಕು. ಎದುರಿಸಲಿಲ್ಲ ಅನ್ನೋದಷ್ಟೇ ಒಪ್ಪಿಗೆಯಲ್ಲ. ತಿಳಿಸಲಾರದ ಸ್ಥಿತಿಯಲ್ಲಿದ್ದರೂ ಅತ್ಯಾಚಾರವೇ. (ನಮ್ಮ ಕೋಡಿನಲ್ಲೂ ಅಷ್ಟೇ, ಖಾಲಿ ಬಿಟ್ಟ ಕಾಲಂ ಅಂದರೆ 'ಯೆಸ್' ಅಲ್ಲ.) ಈಗ ಇದೆಲ್ಲ ಭಾರತೀಯ ನ್ಯಾಯ ಸಂಹಿತೆಯ 63ನೇ ಕಲಂ, 2024ರ ಜುಲೈ 1ರಿಂದ.

ಅಸಾಮರ್ಥ್ಯದ ಪ್ರಶ್ನೆ ಅಷ್ಟು ಸಲೀಸಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಹಿಳೆಯೊಬ್ಬರ ವಯಸ್ಸು 38, ಬುದ್ಧಿಯ ವಯಸ್ಸು 6-8. ಅವರನ್ನು ಪೋಕ್ಸೋ ಅಡಿ ಮಗು ಅನ್ನಬಹುದೇ? ಆಗದು ಎಂದಿತು 2017ರಲ್ಲಿ ಸುಪ್ರೀಂ ಕೋರ್ಟ್. ಓದಿದಾಗ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಅಂಗವಿಕಲ ಹೆಣ್ಣುಮಕ್ಕಳನ್ನೆಲ್ಲ ಮಕ್ಕಳೆಂದು ಬರೆದುಬಿಟ್ಟರೆ, ಅವರು ಮನಸಾರೆ ಹೇಳುವ 'ಹೂಂ' ಎಲ್ಲಿಗೆ ಹೋಗಬೇಕು?

ಇನ್ನು ಹೆಂಡತಿ. 18 ತುಂಬಿದ ಹೆಂಡತಿಯ ಮೇಲೆ ಗಂಡ ಮಾಡಿದ್ದು ಅತ್ಯಾಚಾರವಲ್ಲ ಎಂಬ ವಿನಾಯಿತಿ ಹೊಸ ಸಂಹಿತೆಗೂ ದಾಟಿ ಬಂದಿದೆ. ಅಂದು ತಲೆ ತಗ್ಗಿಸಿ ಕುಂತವಳನ್ನು ಮದುವೆಯಾದ ಮೇಲೆ ಯಾರೂ ಕೇಳಬೇಕಿಲ್ಲ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಅಂಥ ಒಬ್ಬ ಗಂಡ ವಿಚಾರಣೆ ಎದುರಿಸಲಿ ಎಂದಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು.