ಎಷ್ಟನೆಯ ರೊಟ್ಟಿಯವರೆಗೆ ಬಿಸಿ ಇತ್ತು? ಯರಗಟ್ಟಿಯ ಖಾನಾವಳಿ ಊಟದ ಬಗೆಗಿನ ಭಿನ್ನಾಭಿಪ್ರಾಯ ಕುರಿತು ಒಂದು ಟಿಪ್ಪಣಿ

ಒಂದೇ ಖಾನಾವಳಿ, ಒಂದೇ ದಿನ, ಒಂದೇ ದರ. ಒಬ್ಬರು ‘ಮನ್ಯಾಗ ಉಂಡಂಗಾತು’ ಎಂದು ಕೈತೊಳೆಯಲು ಏಳುತ್ತಾರೆ. ಇನ್ನೊಬ್ಬರು ‘ಪಲ್ಯಾ ಚಲೋ ಐತ್ರಿ, ಆದ್ರ ಕೇಳಾವ್ರ ಇಲ್ಲ’ ಎಂದು ಗಲ್ಲಾದ ಮುಂದೆ ನಿಂತು ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಯರಗಟ್ಟಿಯಂಥ ಕೂಡುರಸ್ತೆಯ ಊರಿನಲ್ಲಿ ಈ ಎರಡೂ ಬಗೆಯ ಮಾತು ಒಟ್ಟೊಟ್ಟಿಗೇ ಕಿವಿಗೆ ಬೀಳುತ್ತವೆ. ನಾಲಿಗೆಗೊಂದು ರುಚಿ ಎಂದು ಇದನ್ನು ಅಲ್ಲಿಗೇ ಬಿಡುವುದು ರೂಢಿ. ಹಾಗೆ ಬಿಡಬಾರದು ಎಂಬುದು ಈ ಟಿಪ್ಪಣಿಯ ನಿಲುವು. ಖಾನಾವಳಿಯ ಊಟದಲ್ಲಿ ‘ಆಹಾರ’ ಬೇರೆ, ‘ಸೇವೆ’ ಬೇರೆ ಎಂದು ಎರಡು ಕಾಲಂ ಎಳೆದು ಅಂಕ ಕೇಳುವ ಕ್ರಮವೇ ಇಲ್ಲಿ ಸರಿಹೊಂದುವುದಿಲ್ಲ. ಹಂಚಿನಿಂದ ತಾಟಿಗೆ ರೊಟ್ಟಿ ಬರುವ ಆ ಒಂದೆರಡು ನಿಮಿಷದಲ್ಲಿ ರುಚಿಯೂ ಉಪಚಾರವೂ ಒಂದೇ ಆಗಿರುತ್ತವೆ. ಅಭಿಪ್ರಾಯಗಳು ಒಡೆಯುವುದು ಅಲ್ಲಿ.

ಎರಡು ಕಾಲಂ ಎಳೆಯುವ ಪದ್ಧತಿ ಎಲ್ಲಿಂದ ಬಂತೆಂಬುದನ್ನು ಮೊದಲು ನೋಡಬೇಕು. ಮಾರ್ಕೆಟಿಂಗ್ ಸಂಶೋಧಕರಾದ ಪರಶುರಾಮನ್, ಝೈತಾಮಲ್ ಮತ್ತು ಬೆರ್ರಿ 1988ರಲ್ಲಿ ರೂಪಿಸಿದ ‘ಸರ್ವ್‌ಕ್ವಾಲ್’ ಎಂಬ ಅಳತೆಗೋಲು ಸೇವೆಯ ಗುಣಮಟ್ಟವನ್ನು ಐದು ಆಯಾಮಗಳಲ್ಲಿ, 22 ಹೇಳಿಕೆಗಳ ಮೂಲಕ ಅಳೆಯುತ್ತದೆ. ಬ್ಯಾಂಕು, ದುರಸ್ತಿ ಅಂಗಡಿ, ದೂರವಾಣಿ ಕಂಪನಿಗಳಂಥ ಸೇವೆಗಳನ್ನು ಮುಂದಿಟ್ಟುಕೊಂಡು ಮಾಡಿದ್ದು ಅದು. 1995ರಲ್ಲಿ ಅದನ್ನೇ ಹೋಟೆಲುಗಳಿಗೆ ಒಗ್ಗಿಸಿ, 29 ಹೇಳಿಕೆಗಳ ‘ಡೈನ್‌ಸರ್ವ್’ ಬಂತು. ನಮ್ಮ ವಿಶ್ವವಿದ್ಯಾಲಯಗಳ ವಾಣಿಜ್ಯ ಮತ್ತು ಪ್ರವಾಸೋದ್ಯಮ ವಿಭಾಗಗಳ ಪ್ರಶ್ನಾವಳಿಗಳು ಬಹುಪಾಲು ಇವುಗಳ ಮಕ್ಕಳು, ಮೊಮ್ಮಕ್ಕಳು. ಊಟ ಅಡುಗೆಮನೆಯಲ್ಲಿ ಒಮ್ಮೆ ತಯಾರಾಗಿ ಮುಗಿಯುತ್ತದೆ, ಆಮೇಲೆ ಅದನ್ನು ಮೇಜಿಗೆ ತರುವುದು ಇನ್ನೊಂದು ಕೆಲಸ ಎಂಬ ಎಣಿಕೆ ಇವುಗಳ ಹಿಂದಿದೆ. ಪಾಶ್ಚಾತ್ಯ ರೆಸ್ಟೊರೆಂಟಿಗೆ ಆ ಎಣಿಕೆ ತಕ್ಕಮಟ್ಟಿಗೆ ಹೊಂದಬಹುದು. ಜೋಳದ ರೊಟ್ಟಿಗೆ ಹೊಂದುವುದಿಲ್ಲ.

ಏಕೆ ಹೊಂದುವುದಿಲ್ಲ ಎಂಬುದು ಹಂಚಿನ ಹತ್ತಿರ ನಿಂತು ನೋಡಿದರೆ ತಿಳಿಯುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ಎಸರು ಹಾಕಬೇಕು. ಬಿಸಿನೀರಿಗೆ ಪಿಷ್ಟ ಬೆಂದು ಜಿಗಿ ಹುಟ್ಟುತ್ತದೆ. ಪರಾತದಲ್ಲಿ ಅಂಗೈಯ ಬುಡದಿಂದ ಹಿಟ್ಟನ್ನು ಒತ್ತಿ ಒತ್ತಿ ನಾದಿ, ಒಂದು ರೊಟ್ಟಿಗೆ ಬೇಕಾದಷ್ಟನ್ನೇ ಮುರಿದುಕೊಂಡು, ಒಣಹಿಟ್ಟು ಉದುರಿಸಿ ಬಡಿಯುತ್ತಾರೆ. ಅಂಚು ಬಿರಿಯದ ಹಾಗೆ ಒಂದು ಕೈ ಸುತ್ತಲೂ ಕಾಯುತ್ತಿದ್ದರೆ ಇನ್ನೊಂದು ಕೈ ತಟ್ಟುತ್ತಿರುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ, ಕೊನೆಗೆ ಉರಿಯ ಮಗ್ಗುಲಿಗೆ ಹಿಡಿದು ಉಬ್ಬಿಸುತ್ತಾರೆ. ನಾದಿದ ಹಿಟ್ಟನ್ನು ಬಹಳ ಹೊತ್ತು ಇಡುವಂತಿಲ್ಲ. ಮಾಡಿದ ರೊಟ್ಟಿಯನ್ನೂ ಇಡುವಂತಿಲ್ಲ: ಬುಟ್ಟಿಯಲ್ಲಿ ಒಂದರ ಮೇಲೊಂದು ಪೇರಿಸಿದರೆ ಹಬೆಗೆ ಕೆಳಗಿನವು ಹಸಿಯಾಗುತ್ತವೆ, ಬಿಡಿಯಾಗಿ ಇಟ್ಟರೆ ಆರಿ ಬಿರುಸಾಗುತ್ತವೆ. ಹೀಗಾಗಿ ಅದೇ ಪರಾತದ ಹಿಟ್ಟು, ಅದೇ ಕೈ, ಅದೇ ಹಂಚು ಇದ್ದರೂ ಹಂಚಿನಿಂದ ನೇರ ತಾಟಿಗೆ ಬಂದ ರೊಟ್ಟಿ ಒಂದು ಪದಾರ್ಥ. ಕಾಲು ತಾಸು ಬುಟ್ಟಿಯಲ್ಲಿದ್ದು ಬಂದ ರೊಟ್ಟಿ ಇನ್ನೊಂದು ಪದಾರ್ಥ. ಮೊದಲನೆಯದನ್ನು ಉಂಡವರು ಎಣ್ಣಿಗಾಯಿಯನ್ನೂ ಹೊಗಳುತ್ತಾರೆ. ಎರಡನೆಯದನ್ನು ಉಂಡವರಿಗೆ ಅದೇ ಎಣ್ಣಿಗಾಯಿ ಸಪ್ಪೆ.

ಖಡಕ್ ರೊಟ್ಟಿಯ ಮಾತು ಬೇರೆ. ಒಣಗಿಸಿ ಇಡುವುದಕ್ಕೆಂದೇ ಮಾಡುವ ಅದು ವಾರಗಟ್ಟಲೆ ತಾಳುತ್ತದೆ. ಬುತ್ತಿಗೆ, ಜಾತ್ರೆಗೆ, ದೂರದ ಪ್ರಯಾಣಕ್ಕೆ ಅದೇ ಸೈ. ಕಲಬುರಗಿಯಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರ ರೊಟ್ಟಿ ಒಂದು ಬ್ರ್ಯಾಂಡೇ ಆಗಿ ಊರೂರು ತಲುಪುತ್ತಿರುವುದು ಈ ಗುಣದಿಂದ. ಆದರೆ ಖಾನಾವಳಿಯಲ್ಲಿ ಕುಳಿತವರು ಕೇಳುವುದು ಬಿಸಿ ರೊಟ್ಟಿ. ಬಿಸಿ ಮುಗಿದಾಗ ಕೇಳದೆಯೇ ಖಡಕ್ ತಂದಿಟ್ಟರೆ, ರೊಟ್ಟಿ ಎಷ್ಟೇ ಚೆನ್ನಾಗಿರಲಿ, ತಕರಾರು ಅಲ್ಲಿಂದಲೇ ಶುರು.

ಉಡುಪಿ ಪದ್ಧತಿಯ ಊಟದೊಂದಿಗೆ ಇಟ್ಟು ನೋಡಿದರೆ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆಯ ಹೊಟ್ಟೆತುಂಬ ಊಟಕ್ಕೆ ಹೆಸರಾಗಿದೆ. ಅನ್ನ ಒಂದು ಪಾತ್ರೆಯಲ್ಲಿ ಬೆಂದರೆ ಹಲವರಿಗೆ ಒಮ್ಮೆಗೇ ಆಗುತ್ತದೆ. ಸಾರು, ಹುಳಿ, ಪಲ್ಯವೂ ಹಾಗೇ. ಪಂಕ್ತಿಯ ಮೊದಲನೆಯವರಿಗೂ ಕೊನೆಯವರಿಗೂ ಸಿಗುವ ಅನ್ನದಲ್ಲಿ ಅಂಥ ಅಂತರವಿಲ್ಲ. ಖಾನಾವಳಿಯ ಪಲ್ಯ, ಝುಣಕ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಮೊಸರು ಇವೆಲ್ಲ ಈ ಲೆಕ್ಕಕ್ಕೇ ಸೇರುತ್ತವೆ, ಇವುಗಳ ಮೇಲೆ ದೂರು ಕಡಿಮೆ. ಒಂದೊಂದಾಗಿ ಹುಟ್ಟುವುದು ರೊಟ್ಟಿ ಮಾತ್ರ. ಕುಳಿತವರು ಇಮ್ಮಡಿಯಾದರೆ ಕಾಯುವ ಹೊತ್ತೂ ಬೆಳೆಯುತ್ತದೆ. ಹಂಚು ಇಮ್ಮಡಿಯಾಗುವುದಿಲ್ಲ, ಬಡಿಯುವ ಕೈಗಳೂ ಆಗುವುದಿಲ್ಲ.

ಕುಳಿತವರು ಇಮ್ಮಡಿಯಾಗುವ ಸಂದರ್ಭಗಳು ಯರಗಟ್ಟಿಗೆ ಮತ್ತೆ ಮತ್ತೆ ಬರುತ್ತವೆ. ಬೆಳಗಾವಿಯಿಂದ ನೇಸರಗಿ ದಾಟಿ ಲೋಕಾಪುರ, ಬಾಗಲಕೋಟೆಗೆ ಹೋಗುವ ರಸ್ತೆಯೂ ಸವದತ್ತಿ–ಗೋಕಾಕ ರಸ್ತೆಯೂ ಕೂಡುವ ಊರು ಇದು. ಗೋಕಾಕ, ರಾಯಬಾಗ, ಸಾಂಗಲಿ ಕಡೆಯಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೊರಟವರಿಗೆ ಇದು ಹಾದಿ. ದೇವಿಯ ವಾರಗಳಾದ ಮಂಗಳವಾರ, ಶುಕ್ರವಾರ ಜನ ಹೆಚ್ಚು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳಲ್ಲಿ ಹೇಳುವುದೇ ಬೇಡ. ಇಲ್ಲಿ ಒಂದು ಸೂಕ್ಷ್ಮವಿದೆ. ಗುಡ್ಡಕ್ಕೆ ಹೋಗುವಾಗ ಬಹಳ ಜನ ಬುತ್ತಿ ಕಟ್ಟಿಕೊಂಡಿರುತ್ತಾರೆ. ಗುಡ್ಡದಲ್ಲಿ ಒಲೆ ಹೂಡಿ ಅಡುಗೆ ಮಾಡಿ, ಎಡೆ ಹಿಡಿದು, ಹಡಲಗಿ (ದೇವಿಯ ಬುಟ್ಟಿ) ತುಂಬಿಸಿ, ಪ್ರಸಾದವನ್ನೇ ಉಣ್ಣುತ್ತಾರೆ. ಖಾನಾವಳಿಯ ನೆನಪಾಗುವುದು ತಿರುಗಿ ಬರುವಾಗ: ಬುತ್ತಿ ಬರಿದಾಗಿದೆ, ಮಕ್ಕಳು ಹಸಿದಿವೆ, ಟೆಂಪೊ ತುಂಬ ಜನ ಒಟ್ಟಿಗೇ ಇಳಿಯುತ್ತಾರೆ. ಇವರಲ್ಲಿ ಮಹಾರಾಷ್ಟ್ರದವರಿಗೆ ಭಾಕರಿ, ಝುಣಕ ಮನೆಯ ಊಟವೇ. ಹೀಗಾಗಿ ಊಟ ಗೊತ್ತಿಲ್ಲದವರು ದೂರುತ್ತಾರೆ ಎಂಬ ವಿವರಣೆ ಇಲ್ಲಿ ನಿಲ್ಲುವುದಿಲ್ಲ. ರೊಟ್ಟಿಯನ್ನು ಚೆನ್ನಾಗಿ ಬಲ್ಲವರೇ ತಣ್ಣನೆಯ ರೊಟ್ಟಿಗೆ ಹೆಚ್ಚು ಬೇಸರಪಡುತ್ತಾರೆ. ಹಳೇ ಮೈಸೂರು ಕಡೆಯಿಂದ ಬಂದವರ ತೊಡಕು ಬೇರೆ ತರಹದ್ದು: ಅನ್ನ ಕೊನೆಗೆ ಬರುತ್ತದೆಂದು ತಿಳಿಯದೆ ರೊಟ್ಟಿ ಮುಗಿಸಿ ಏಳುವವರೂ ಇದ್ದಾರೆ, ಅನ್ನಕ್ಕಾಗಿ ಜಾಗ ಉಳಿಸಿಕೊಂಡು ಕಾಯುವವರೂ ಇದ್ದಾರೆ. ಒಂದು ಮಾತು ಹೇಳಿಬಿಟ್ಟರೆ ತೀರುವ ತೊಡಕು ಇದು.

ಗುಡ್ಡದ ಜನರ ಜೊತೆಗೆ ಕಬ್ಬಿನ ಕೆಲಸದವರೂ ಬರುತ್ತಾರೆ: ಹತ್ತಿರದ ಮುನವಳ್ಳಿಯಲ್ಲಿ ಸಕ್ಕರೆ ಕಾರ್ಖಾನೆ ಇದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಕಬ್ಬಿನ ಹಂಗಾಮೂ ಜೋರಾಗಿಯೇ ಇರುತ್ತದೆ. ಕಬ್ಬು ಕಡಿಯುವ ತಂಡಗಳು ತಮ್ಮ ಒಲೆಯಲ್ಲೇ ಬೇಯಿಸಿಕೊಳ್ಳುತ್ತವೆ. ಟ್ರ್ಯಾಕ್ಟರ್ ಚಾಲಕರಿಗೆ ಮಾತ್ರ ರಸ್ತೆಬದಿಯ ಊಟವೇ ಗತಿ. ಅವರು ಊಟಕ್ಕೆ ಬರುವ ಹೊತ್ತು ಊರಿನವರ ಊಟದ ಹೊತ್ತಲ್ಲ, ಹೀಗಾಗಿ ಹಂಚಿಗೆ ಬಿಡುವಿಲ್ಲ.

ಇನ್ನು ‘ಕೇಳಾವ್ರ ಇಲ್ಲ’ ಎಂಬ ದೂರು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಅತಿ ಗಂಭೀರ ಭಾಗ ಇದು. ಖಾನಾವಳಿ ಮೂಲತಃ ದಾರಿಹೋಕರಿಗಾಗಿ ಹುಟ್ಟಿದ್ದಲ್ಲ. ಮುಂಬಯಿಯ ಗಿರಣಗಾಂವದಲ್ಲಿ ಊರುಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ಹೆಂಗಸರು ತಮ್ಮ ಮನೆಯಲ್ಲೇ ಅಡುಗೆ ಮಾಡಿ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಸಾಲಕ್ಕೆ ಸಿಕ್ಕಿ ನಲುಗುತ್ತಿದ್ದ ಆ ಹೆಂಗಸರನ್ನು ಸಂಘಟಿಸಲೆಂದೇ ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ನಮ್ಮ ಭಾಗದ ಲಿಂಗಾಯತ ಖಾನಾವಳಿ, ಸಾವಜಿ ಖಾನಾವಳಿಗಳಲ್ಲೂ ತಿಂಗಳ ಊಟದವರು ಮುಖ್ಯ ಆಧಾರ: ಓದುವ ಹುಡುಗರು, ವರ್ಗವಾಗಿ ಬಂದ ನೌಕರರು, ಅಂಗಡಿ ಕೆಲಸದವರು. ತಿಂಗಳ ಊಟದವರನ್ನು ಕೇಳಬೇಕಾಗಿಲ್ಲ. ಯಾರಿಗೆ ಖಾರ ಆಗದು, ಯಾರಿಗೆ ಮೊಸರು ಹೆಚ್ಚು ಬೇಕು, ಯಾರು ಎರಡು ರೊಟ್ಟಿಗೆ ಕೈ ಅಡ್ಡ ಹಿಡಿಯುತ್ತಾರೆ ಎಂಬುದು ನೀಡುವವರಿಗೆ ಗೊತ್ತಿರುತ್ತದೆ. ಇಂದು ಏನಾದರೂ ಕೊರತೆಯಾದರೆ ನಾಳೆ ಅದನ್ನು ತುಂಬಿಕೊಡಲು ಅವಕಾಶವಿದೆ.

ಯರಗಟ್ಟಿ ಸವದತ್ತಿಯಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿ ಕೆಲಸದವರು, ಕಚೇರಿಗೆ ಬರುವ ಹಳ್ಳಿಗರು, ದಾರಿಹೋಕರು ಮೂವರೂ ಒಂದೇ ಸಾಲಿನಲ್ಲಿ ಕೂರುವ ಸ್ಥಿತಿ ಬಂದಿದೆ. ಪರಿಚಿತರ ತಾಟಿಗೆ ಬಾಯಿ ತೆರೆಯುವ ಮೊದಲೇ ಮೊಸರು ಬೀಳುತ್ತದೆ. ಪಕ್ಕದಲ್ಲಿ ಕುಳಿತ ಅಪರಿಚಿತರಿಗೆ ಇದು ಭೇದಭಾವವಾಗಿ ಕಾಣುತ್ತದೆ. ನೀಡುವ ಹುಡುಗನ ಮನಸ್ಸಿನಲ್ಲಿ ಭೇದವಿರಲಾರದು, ಅವನಿಗೆ ಇವರ ರೂಢಿ ತಿಳಿಯದು ಅಷ್ಟೇ. ಆದರೆ ಉಣ್ಣುವವರ ಕಡೆಯಿಂದ ನೋಡಿದರೆ ಅವರ ಬೇಸರಕ್ಕೂ ಗಟ್ಟಿಯಾದ ಕಾರಣವಿದೆ. ಮಠದ ದಾಸೋಹದಲ್ಲಿ, ಮದುವೆಯ ಪಂಕ್ತಿಯಲ್ಲಿ, ಬೀಗರ ಮನೆಯಲ್ಲಿ ‘ಇನ್ನೊಂದು ಹಾಕ್ಲೇನ್ರಿ, ಸಾವಕಾಶ ಊಟ ಮಾಡ್ರಿ’ ಎಂಬ ಮಾತು ಕೇಳಿಯೇ ಬೆಳೆದವರು ಅವರು. ಹೊಟ್ಟೆತುಂಬ ಊಟ ಎಂದು ಹಣ ಪಡೆದ ಮೇಲೆ ತಾಟು ಬರಿದಾದಾಗ ಯಾರೂ ಕೇಳದಿದ್ದರೆ, ಅದು ಅವರಿಗೆ ತಡವಾದ ಸೇವೆಯಷ್ಟೇ ಅಲ್ಲ, ಊಟಕ್ಕೆ ಕೂರಿಸಿ ಮಾಡಿದ ಅವಮಾನ. ಕೇಳಿ ಹಾಕಿಸಿಕೊಳ್ಳಿ ಎನ್ನುವುದು ಸುಲಭ. ಕೇಳಿ ಹಾಕಿಸಿಕೊಳ್ಳುವುದೇ ಸಂಕೋಚ ಎಂದು ತಿಳಿದವರಿಗೆ, ಮುಖ್ಯವಾಗಿ ವಯಸ್ಸಾದವರಿಗೆ, ಹಳ್ಳಿಯಿಂದ ಬಂದ ಹೆಣ್ಣುಮಕ್ಕಳಿಗೆ, ಅದು ಸುಲಭವಲ್ಲ. ಅವರು ಅರೆಹೊಟ್ಟೆಯಲ್ಲಿ ಎದ್ದು ಪೂರ್ತಿ ಹಣ ಕೊಟ್ಟು ಹೋಗುತ್ತಾರೆ. ಅಂಥವರ ದೂರು ಯಾವ ಸಮೀಕ್ಷೆಗೂ ಸಿಗುವುದಿಲ್ಲ.

ಪ್ಲೇಟ್ ಊಟ ಈ ಸಂಕಟಕ್ಕೆ ಒಂದು ಉತ್ತರವಾಗಿ ಬಂದಿದೆ. ಇಷ್ಟು ರೊಟ್ಟಿ, ಇಷ್ಟು ಪಲ್ಯ, ಇಷ್ಟು ಅನ್ನ. ಮೇಲೆ ಬೇಕಾದರೆ ಬೇರೆ ದರ. ನಿರೀಕ್ಷೆ ಮೊದಲೇ ಗೊತ್ತಾಗುವುದರಿಂದ ಜಗಳ ಕಡಿಮೆ. ಮಾಲಕರಿಗೂ ಲೆಕ್ಕ ಸರಳ. ಆದರೂ ಮೂರನೆಯ ರೊಟ್ಟಿಗೆ ಹಣ ಕೇಳುವ ಜಾಗವನ್ನು ಖಾನಾವಳಿ ಎನ್ನಲು ಹಳಬರು ಒಪ್ಪುವುದಿಲ್ಲ, ಮತ್ತು ನನಗೆ ಅವರ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ.

ಸೇವೆಯ ಕೊರತೆಗೆ ನೀಡುವ ಹುಡುಗನನ್ನೇ ಹೊಣೆ ಮಾಡುವುದು ಎಲ್ಲ ಕಡೆಯ ಅಭ್ಯಾಸ. ಸಮಾಜಶಾಸ್ತ್ರಜ್ಞ ವಿಲಿಯಂ ಫುಟ್ ವೈಟ್ ಶಿಕಾಗೋದ ರೆಸ್ಟೊರೆಂಟುಗಳನ್ನು ಅಧ್ಯಯನ ಮಾಡಿ 1948ರಲ್ಲಿ ಪ್ರಕಟಿಸಿದ ಗ್ರಂಥ ಈ ಅಭ್ಯಾಸವನ್ನು ಪ್ರಶ್ನಿಸಿತು. ಗ್ರಾಹಕರ ಮುಂದೆ ಕಾಣುವ ಒರಟುತನದ ಬೇರು ಅಡುಗೆಮನೆಯ ಕೌಂಟರಿನಲ್ಲಿದೆ ಎಂದು ಅವರು ತೋರಿಸಿದರು: ಬಡಿಸುವವರು ಆರ್ಡರ್ ಕೂಗಬೇಕು, ತಮಗಿಂತ ಮೇಲಿನವರೆಂದು ತಿಳಿದ ಅಡುಗೆಯವರು ಆ ಕೂಗನ್ನು ಸಹಿಸುವುದಿಲ್ಲ. ಚೀಟಿಯನ್ನು ಒಂದು ಮೊಳೆಗೆ ಚುಚ್ಚಿಟ್ಟು ಸರತಿಯಂತೆ ತೆಗೆದುಕೊಳ್ಳುವ ಚಿಕ್ಕ ಏರ್ಪಾಟಿನಿಂದಲೇ ಈ ಘರ್ಷಣೆ ಎಷ್ಟೋ ತಗ್ಗುತ್ತದೆ ಎಂದೂ ಅವರು ಗುರುತಿಸಿದರು. ನಮ್ಮ ಖಾನಾವಳಿಯಲ್ಲಿ ಹಂಚಿನ ಮುಂದಿರುವವರು ಸಾಮಾನ್ಯವಾಗಿ ಹೆಂಗಸರು, ವಯಸ್ಸಿನಲ್ಲಿ ಹಿರಿಯರು, ನೀಡುವವರು ಹುಡುಗರು. ‘ಅಕ್ಕಾ, ಎರಡು ಬಿಸಿ’ ಎಂದು ಕೂಗಬಹುದೇ ಹೊರತು, ಬೆಂಕಿಯ ಮುಂದೆ ಗಂಟೆಗಟ್ಟಲೆ ಕುಳಿತ ಅಕ್ಕನಿಗೆ ಅವಸರ ಮಾಡುವಂತಿಲ್ಲ. ಮಾಡಿದರೂ ರೊಟ್ಟಿ ಬೇಗ ಬೇಯುವುದಿಲ್ಲ. ಅತ್ತ ಅಕ್ಕನ ಮುನಿಸು, ಇತ್ತ ಗಿರಾಕಿಯ ಸಿಡುಕು, ನಡುವೆ ಹುಡುಗ ಎಲ್ಲೂ ನೋಡದೆ ಓಡಾಡುತ್ತಾನೆ. ‘ಕೇಳಾವ್ರ ಇಲ್ಲ’ ಎಂಬ ದೂರಿನಲ್ಲಿ ಒಂದು ಪಾಲು ಹೀಗೆ ಹುಟ್ಟುತ್ತದೆ: ಕೇಳಿದರೆ ತರಬೇಕು, ತರಲು ರೊಟ್ಟಿ ಇಲ್ಲ, ಆದ್ದರಿಂದ ಹುಡುಗ ಕೇಳುವುದನ್ನೇ ಬಿಡುತ್ತಾನೆ.

ಕಾನೂನು ಈ ಆಳಕ್ಕೆ ಇಳಿಯುವುದಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆ ಶುಚಿತ್ವ ನೋಡುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ರಚನೆಯಾದ ಕೇಂದ್ರ ಪ್ರಾಧಿಕಾರ, ಬಿಲ್ಲಿನಲ್ಲಿ ತಾನಾಗಿಯೇ ಸೇವಾಶುಲ್ಕ ಸೇರಿಸಬಾರದೆಂದು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದು ದೊಡ್ಡ ನಗರಗಳ ರೆಸ್ಟೊರೆಂಟುಗಳ ವ್ಯಾಜ್ಯ. ಯರಗಟ್ಟಿಯ ಖಾನಾವಳಿಯಲ್ಲಿ ಸೇವಾಶುಲ್ಕದ ಪ್ರಶ್ನೆಯೇ ಏಳುವುದಿಲ್ಲ.

ಹಾಗಾದರೆ ಇಂಥ ಊರಿನ ಊಟದ ಬಗ್ಗೆ ಅಭಿಪ್ರಾಯ ಸಂಗ್ರಹಿಸುವವರು ಏನು ಕೇಳಬೇಕು? ‘ಆಹಾರ ಹೇಗಿತ್ತು, ಸೇವೆ ಹೇಗಿತ್ತು’ ಎಂಬ ಜೋಡಿ ಪ್ರಶ್ನೆಯ ಬದಲು ಮೂರು ಸಂಗತಿ ಬರೆದುಕೊಳ್ಳಬಹುದು. ಯಾವ ಹೊತ್ತಿಗೆ, ಎಷ್ಟು ಜನರ ಗುಂಪಿನಲ್ಲಿ ಕುಳಿತಿರಿ. ಎಷ್ಟನೆಯ ರೊಟ್ಟಿಯವರೆಗೆ ಬಿಸಿ ಇತ್ತು. ಇನ್ನೊಂದು ಬೇಕೇ ಎಂದು ಯಾರಾದರೂ ಕೇಳಿದರೇ, ನೀವೇ ಕರೆಯಬೇಕಾಯಿತೇ. ಇದರ ಜೊತೆ ಹಂಗಾಮನ್ನೂ ಗುರುತು ಹಾಕಬೇಕು. ಹಿಂಗಾರಿ ಜೋಳದ ಸುಗ್ಗಿ ಫೆಬ್ರುವರಿ–ಮಾರ್ಚ್ ಸುಮಾರಿಗೆ. ಜೋಳ ಹೊಸದೋ ಹಳೆಯದೋ ಎಂಬುದರ ಜೊತೆ ಹಿಟ್ಟಿನ ವಯಸ್ಸೂ ಮುಖ್ಯ: ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಕಡಿಮೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ, ಬಡಿಯುವುದು ನಿಧಾನವಾಗುತ್ತದೆ. ಈ ವಿವರಗಳಿದ್ದರೆ ಎದುರುಬದುರಾಗಿ ನಿಂತಂತೆ ಕಾಣುವ ಎರಡು ಅಭಿಪ್ರಾಯ ಒಂದೇ ಅಡುಗೆಮನೆಯ ಎರಡು ಗಳಿಗೆಗಳೆಂದು ತಿಳಿಯುತ್ತದೆ.

ಒಂದು ಊಹೆಯನ್ನು ಪರೀಕ್ಷೆಗೆ ಇಡುತ್ತೇನೆ. ಕೆಲವು ಖಾನಾವಳಿಗಳಲ್ಲಿ ಹಂಚು ಉಣ್ಣುವವರ ಕಣ್ಣಿಗೆ ಕಾಣುವ ಹಾಗಿದೆ, ಕೆಲವುಗಳಲ್ಲಿ ಗೋಡೆಯ ಆಚೆಗಿದೆ. ಕಾಣುವ ಕಡೆ ಉಣ್ಣುವವರಿಗೆ ತಮ್ಮ ರೊಟ್ಟಿಯ ಸರತಿ ಗೊತ್ತಾಗುತ್ತದೆ. ಬಡಿಯುವವರಿಗೂ ಬರಿದಾದ ತಾಟು ಕಾಣುತ್ತದೆ, ಹುಡುಗನ ಕೂಗಿಗೆ ಕಾಯಬೇಕಾಗಿಲ್ಲ. ಆದ್ದರಿಂದ ಜನದಟ್ಟಣೆ ಸಮನಾಗಿದ್ದರೂ ಅಂಥಲ್ಲಿ ದೂರು ಕಡಿಮೆ ಇರಬೇಕು. ಭಾರತ ಹುಣ್ಣಿಮೆಯ ಮರುದಿನ, ಗುಡ್ಡದಿಂದ ಜನ ತಿರುಗಿ ಬರುವ ಹೊತ್ತಿನಲ್ಲಿ, ಎರಡೂ ಬಗೆಯ ಖಾನಾವಳಿಗಳಲ್ಲಿ ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿದರೆ ಇದು ನಿಜವೋ ಅಲ್ಲವೋ ತಿಳಿಯುತ್ತದೆ. ಕೇಳುವಾಗ ಹಂಚಿನ ಮುಂದಿರುವ ಅಕ್ಕನ ಮಾತನ್ನೂ ಬರೆದುಕೊಳ್ಳಬೇಕು. ಇಲ್ಲಿಯವರೆಗಿನ ಪ್ರಶ್ನಾವಳಿಗಳಲ್ಲಿ ಗಿರಾಕಿಗೆ, ಮಾಲಕರಿಗೆ ಜಾಗವಿದೆ. ಯಾವ ಗಂಟೆಗೆ ಕೈ ಸೋಲುತ್ತದೆ, ಎಷ್ಟು ರೊಟ್ಟಿಯ ಆಮೇಲೆ ಬಡಿತದ ಲಯ ತಪ್ಪುತ್ತದೆ ಎಂದು ಹೇಳಬಲ್ಲವಳು ಅವಳೊಬ್ಬಳೇ.